ಡೇರೆಯ ವಾಸವೂ ಆನೆಯ ದಾರಿಯೂ

ಮನೆಯನ್ನು ಬಿಟ್ಟು ಬಯಲಿನಲ್ಲಿ ಎರಡು ದಿನ ಇದ್ದು ಬರಬೇಕೆಂಬ ಆಸೆ ಮನುಷ್ಯನಿಗೆ ಹೊಸದಲ್ಲ. ನಮ್ಮ ಹಿರಿಯರು ಜಾತ್ರೆಗೆ ಹೋದಾಗ ಕಮಾನು ಗಾಡಿಯ ನೆರಳಿನಲ್ಲಿಯೇ ಅಡಿಗೆ ಮಾಡಿ ಉಂಡು ಮಲಗುತ್ತಿದ್ದರು. ಹಳೆಯ ಮೈಸೂರು ಸೀಮೆಯ ಅಮಲ್ದಾರರೂ ಮೋಜಣಿಯವರೂ ಹಳ್ಳಿಗಳಿಗೆ ಮೊಕ್ಕಾಂ ಹೋದಾಗ ಊರ ಹೊರಗಿನ ತೋಪುಗಳಲ್ಲಿ ಡೇರೆ ಹೊಡೆಸಿಕೊಂಡು ಇರುತ್ತಿದ್ದರು. ಅವರಿಗೆ ಡೇರೆಯು ಅಗತ್ಯದ ವಸ್ತು. ಇಂದಿನ ಗೃಹಸ್ಥನಿಗೆ ಅದು ವಿನೋದದ ವಸ್ತು. ಒಬ್ಬನು ಹೆಗಲ ಮೇಲೆ ಹೊರಬಹುದಾದಷ್ಟು ಹಗುರವಾದ ಡೇರೆಗಳು ಈಗ ಪೇಟೆಯಲ್ಲಿ ದೊರೆಯುತ್ತವೆ. ಶನಿವಾರ ಭಾನುವಾರಗಳ ಜೊತೆಗೆ ಒಂದು ಹಬ್ಬದ ರಜೆ ಸೇರಿತೆಂದರೆ, ಹಾಸನದಿಂದ ಸಕಲೇಶಪುರಕ್ಕೆ ಏರುವ ಹೆದ್ದಾರಿಯಲ್ಲಿ ಬೆಂಗಳೂರಿನ ಕಾರುಗಳು ಸಾಲುಗಟ್ಟುತ್ತವೆ.

ಬೆಳಗೋಡು ಹೋಬಳಿಯವರೂ ಸುತ್ತಣ ಸಕಲೇಶಪುರ, ಆಲೂರು ತಾಲ್ಲೂಕುಗಳವರೂ ಈ ವಿಷಯದಲ್ಲಿ ಎರಡು ಸ್ಥಾನಗಳಲ್ಲಿ ನಿಲ್ಲುತ್ತಾರೆ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬಂಡೀಪುರಕ್ಕೋ ಕುದುರೆಮುಖಕ್ಕೋ ಹೋಗುವಾಗ ಅವರು ಅತಿಥಿಗಳು. ಪಟ್ಟಣದ ನೆಂಟರು ತಮ್ಮ ತೋಟಕ್ಕೆ ಬಂದು, "ಇಲ್ಲಿಯೇ ಡೇರೆ ಹಾಕಿಕೊಳ್ಳುತ್ತೇವೆ" ಎಂದಾಗ ಅವರೇ ಆತಿಥೇಯರು. ಈ ಎರಡು ಬಗೆಯವರಿಗೂ ಪ್ರಯೋಜನವಾಗುವಂತೆ ಕೆಲವು ಸಂಗತಿಗಳನ್ನು ಇಲ್ಲಿ ನಿವೇದಿಸಬೇಕೆಂದು ನಾವು ಬಯಸುತ್ತೇವೆ.

ಹೊರದೇಶದ ಏರ್ಪಾಡು

ರಾಷ್ಟ್ರೀಯ ಉದ್ಯಾನವೆಂಬ ಕಲ್ಪನೆಯು ಕಾನೂನಿನ ರೂಪವನ್ನು ಪಡೆದುದು ಅಮೆರಿಕೆಯಲ್ಲಿ. 1872ರಲ್ಲಿ ಸ್ಥಾಪಿತವಾದ ಯೆಲ್ಲೋಸ್ಟೋನ್ ಅವುಗಳಲ್ಲಿ ಮೊದಲನೆಯದು. 1890ರಲ್ಲಿ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಅದನ್ನು ಹಿಂಬಾಲಿಸಿತು. ಆ ಸೀಮೆಯಲ್ಲಿ ನೆಲಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಬೇಸಗೆಯ ರಜೆಗೆ ಯೊಸೆಮಿಟಿಗೆ ಹೋಗಿ ಡೇರೆ ಹಾಕಿ ಬಂದವರು ಅನೇಕರಿದ್ದಾರೆ. ವರ್ಷಕ್ಕೆ ಸುಮಾರು 40 ಲಕ್ಷ ಜನ ಬರುವ ಸ್ಥಳವದು. ಅಷ್ಟು ಜನ ಬಂದರೂ ಅಲ್ಲಿ ಡೇರೆಯ ವಾಸವು ಸಾಧ್ಯವಾಗಿರುವುದಕ್ಕೆ ಕಟ್ಟುನಿಟ್ಟಾದ ಏರ್ಪಾಡೇ ಕಾರಣ. ಡೇರೆಯ ಜಾಗಗಳಿಗೆ ಸಂಖ್ಯೆಗಳಿವೆ. ತಿಂಗಳುಗಳ ಮುಂಚೆಯೇ ಜಾಗವನ್ನು ಕಾದಿರಿಸಬೇಕು. ಒಂದು ಜಾಗಕ್ಕೆ ಆರು ಜನಕ್ಕಿಂತ ಹೆಚ್ಚಿಗೆ ಇರಕೂಡದು. ಗಾಲಿಯ ಮೇಲಿನ ಮನೆಯಂತಿರುವ ದೊಡ್ಡ ವಾಹನಗಳನ್ನು ತರುವವರಿಗೂ ಇದೇ ನಿಯಮ. ಅವರಿಗೆಂದು ವಿದ್ಯುತ್ತಿನ ಸಂಪರ್ಕವನ್ನೂ ಅಲ್ಲಿ ಕೊಟ್ಟಿಲ್ಲ. ರಾತ್ರಿ 10 ಗಂಟೆಯಿಂದ ಬೆಳಗಿನ 6 ಗಂಟೆಯ ವರೆಗೆ ಮೌನವನ್ನು ಪಾಲಿಸಬೇಕು. ಬೆಂಕಿಯನ್ನು ಕಬ್ಬಿಣದ ಬಳೆ ಹಾಕಿದ ಗುಳಿಯಲ್ಲಲ್ಲದೆ ಬೇರೆ ಕಡೆ ಹೊತ್ತಿಸಕೂಡದು.

ಇವೆಲ್ಲಕ್ಕಿಂತ ನಮ್ಮ ಗಮನವನ್ನು ಸೆಳೆಯುವುದು ಆಹಾರದ ಕಟ್ಟಳೆ. ಅಲ್ಲಿ ಕಪ್ಪು ಕರಡಿಗಳಿವೆ. ಯಾತ್ರಿಕರ ತಿಂಡಿಯ ರುಚಿ ಹತ್ತಿದ ಕರಡಿಗಳು ಕಾರುಗಳ ಬಾಗಿಲನ್ನೇ ಕಿತ್ತು ಒಳನುಗ್ಗುವುದನ್ನು ಕಲಿತುವು. 1998ನೆಯ ಒಂದೇ ವರ್ಷದಲ್ಲಿ ಇಂತಹ ಉಪದ್ರವಗಳು 1,500ನ್ನು ಮೀರಿದುವು. ಬಳಿಕ ಪ್ರತಿಯೊಂದು ಡೇರೆಯ ಜಾಗದಲ್ಲಿಯೂ ಉಕ್ಕಿನ ಪೆಟ್ಟಿಗೆಯನ್ನಿರಿಸಿ, ಅನ್ನಾಹಾರವೇ ಅಲ್ಲದೆ ಸಾಬೂನು, ಹಲ್ಲುಜ್ಜುವ ಪೇಸ್ಟು ಮೊದಲಾದ ವಾಸನೆಯುಳ್ಳ ಸಕಲ ವಸ್ತುಗಳನ್ನೂ ಅದರೊಳಗೇ ಇಡಬೇಕೆಂಬ ನಿಯಮವನ್ನು ಬಿಗಿಗೊಳಿಸಿದರು. ಕ್ರಮೇಣ ಉಪದ್ರವವು ಬಹುಮಟ್ಟಿಗೆ ಇಳಿಯಿತು. ಕರಡಿಯನ್ನು ತಿದ್ದುವುದಕ್ಕಿಂತ ಮನುಷ್ಯನನ್ನು ತಿದ್ದುವುದೇ ಸುಲಭವೆಂದು ಅಲ್ಲಿಯ ಅಧಿಕಾರಿಗಳು ಕಂಡುಕೊಂಡರೆಂದು ಇದರಿಂದ ತಿಳಿಯಬಹುದು.

ನಮ್ಮ ನಾಡಿನ ಕಟ್ಟಳೆ

ಇದನ್ನು ಕೇಳಿದ ವಾಚಕರು, "ಹಾಗಾದರೆ ನಾವೂ ನಾಗರಹೊಳೆಯಲ್ಲಿ ಡೇರೆ ಹಾಕಬಹುದಷ್ಟೆ?" ಎಂದು ಕೇಳಿಯಾರು. ಹಾಕಕೂಡದು. ಕರ್ನಾಟಕದಲ್ಲಿ ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ ಎಂಬ ಐದು ರಾಷ್ಟ್ರೀಯ ಉದ್ಯಾನಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇವುಗಳೊಳಗೆ ಅನುಮತಿಯಿಲ್ಲದೆ ಕಾಲಿಡುವುದೇ ಅಪರಾಧ. ಬೆಂಕಿ ಹಚ್ಚುವುದು ಇನ್ನೊಂದು ಅಪರಾಧ. ಬಂಡೀಪುರದಲ್ಲಿ ಇಲಾಖೆಯ ವಾಹನದಲ್ಲಿ ಕುಳಿತು ನೋಡಬಹುದೇ ಹೊರತು ಕಾಡಿನೊಳಗೆ ನಡೆಯುವಂತಿಲ್ಲ. ಅದರ ನಡುವೆ ಹಾಯುವ ಹೆದ್ದಾರಿಯಲ್ಲಿ ಕೂಡ 2009ರಿಂದ ರಾತ್ರಿ 9ರಿಂದ ಬೆಳಗಿನ 6ರ ವರೆಗೆ ಸಾಮಾನ್ಯ ವಾಹನಗಳ ಸಂಚಾರವನ್ನು ತಡೆಯಲಾಗಿದೆ. ಕುದುರೆಮುಖದ ಶಿಖರಕ್ಕೆ ಅನುಮತಿ ಪಡೆದು ಹಗಲು ಹೊತ್ತು ಹೋಗಿ, ಸಂಜೆಯೊಳಗಾಗಿ ಇಳಿದು ಬರಬೇಕು, ಮೇಲೆ ತಂಗುವಂತಿಲ್ಲ. ಕಾಡಿನ ಸಮೀಪದಲ್ಲಿ ಡೇರೆಯಲ್ಲಿಯೇ ಮಲಗಬೇಕೆಂಬವರಿಗೆ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯು ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿ, ಕಾವೇರಿ ತೀರದ ಭೀಮೇಶ್ವರಿ ಮೊದಲಾದೆಡೆಗಳಲ್ಲಿ ಕಾವಲು ಸಹಿತವಾದ ಡೇರೆಗಳನ್ನು ಏರ್ಪಡಿಸಿದೆ.

ನಮ್ಮ ಸೀಮೆಗೆ ಅತಿ ಸಮೀಪವಾದ ಉದಾಹರಣೆಯೆಂದರೆ ಕುಮಾರ ಪರ್ವತ. ಬಿಸಲೆ ಘಾಟಿಯ ಅಂಚಿನಲ್ಲಿ ನಿಂತು ನೋಡಿದವರಿಗೆ ಎದುರು ಸಾಲಿನಲ್ಲಿ ಕಾಣುವ ಈ ಶಿಖರವು 1,712 ಮೀಟರು ಎತ್ತರವಾಗಿದ್ದು, ಪುಷ್ಪಗಿರಿ ವನ್ಯಧಾಮಕ್ಕೆ ಸೇರಿದೆ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಏರುವವರು ಬಹುಕಾಲ ನಡುದಾರಿಯ ಗಿರಿಗದ್ದೆಯಲ್ಲಿ ರಾತ್ರಿಯನ್ನು ಕಳೆದು ಬೆಳಿಗ್ಗೆ ಮುಂದೆ ಹೋಗುತ್ತಿದ್ದರು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಯೂ ವಾರಾಂತ್ಯವೂ ಒಟ್ಟುಗೂಡಿದಾಗ ಸಾವಿರಾರು ಜನ ಒಂದೇ ಹಾದಿಯಲ್ಲಿ ನೆರೆದರು. ತಪಾಸಣೆಯ ಬಾಗಿಲಿನಲ್ಲಿ ನೂಕುನುಗ್ಗಲಾಯಿತು. ಕೂಡಲೆ ಸರ್ಕಾರವು, ಮುಂಗಡವಾಗಿ ಅಂತರಜಾಲದ ಮೂಲಕ ಚೀಟಿ ಪಡೆಯುವ ಏರ್ಪಾಡಿಲ್ಲದ ಬೆಟ್ಟಗಳ ಚಾರಣವನ್ನು ತತ್ಕಾಲಕ್ಕೆ ನಿಲ್ಲಿಸಿತು. ಆ ವರ್ಷವೇ ಅರಣ್ಯ ಇಲಾಖೆಯು ಒಂದು ಹಾದಿಗೆ ದಿನಕ್ಕೆ 300 ಜನವೆಂಬ ಮಿತಿಯನ್ನು ಗೊತ್ತುಮಾಡಿತು. ಮಿತಿಯಿಲ್ಲದ ವಿನೋದವು ವಿನೋದದ ಬಾಗಿಲನ್ನೇ ಮುಚ್ಚಿಸುತ್ತದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನವು ಬೇಕಿಲ್ಲ.

ಬೆಳಗೋಡಿನ ಸುತ್ತಣ ಸ್ಥಿತಿ

ಈಗ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. ಬೆಳಗೋಡಿನ ಸುತ್ತಮುತ್ತ ರಾಷ್ಟ್ರೀಯ ಉದ್ಯಾನವಿಲ್ಲ. ಇರುವುದು ಕಾಫಿ ತೋಟ, ತಗ್ಗಿನಲ್ಲಿ ಭತ್ತದ ಗದ್ದೆ, ನಡುನಡುವೆ ಕೆರೆ, ಅಲ್ಲಲ್ಲಿ ಕಾಡಿನ ತುಂಡುಗಳು. ಆದಕಾರಣ ಪಟ್ಟಣದಿಂದ ಬಂದವರು, "ಇದು ಕಾಡಲ್ಲ, ತೋಟ, ಇಲ್ಲಿ ಭಯವೇನು?" ಎಂದು ತೋಟದ ಮೂಲೆಯಲ್ಲಿ ಡೇರೆ ಹಾಕಲು ಮುಂದಾಗುತ್ತಾರೆ. ಆದರೆ ಆನೆಗೆ ಕಾಡು ಬೇರೆ, ತೋಟ ಬೇರೆ ಎಂಬ ಭೇದವಿಲ್ಲ. ತೋಟದ ನೆರಳು ಮರಗಳ ಕೆಳಗೆ ಹಗಲೆಲ್ಲ ಅಡಗಿ ನಿಲ್ಲುವುದಕ್ಕೆ ಅದಕ್ಕೆ ಅನುಕೂಲವಿದೆ. ಹಲಸು, ಬಾಳೆ, ಬೈನೆಗಳು ಅಲ್ಲಿಯೇ ಉಂಟು. ಕತ್ತಲಾದ ಮೇಲೆ ಗದ್ದೆಗೂ ಕೆರೆಗೂ ಇಳಿಯಬಹುದು. ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕಿಲೋಗ್ರಾಂ ಮೇವೂ 100 ಲೀಟರಿಗೆ ಮೇಲ್ಪಟ್ಟ ನೀರೂ ಬೇಕಾದುದರಿಂದ ಅದು ನಿಂತಲ್ಲಿ ನಿಲ್ಲುವ ಪ್ರಾಣಿಯಲ್ಲ. ಮನುಷ್ಯನು ಹಗಲು ದುಡಿಯುವ ದಾರಿಯಲ್ಲಿಯೇ ಆನೆಯು ರಾತ್ರಿ ನಡೆಯುತ್ತದೆ. ಒಂದೇ ನೆಲವನ್ನು ಇಬ್ಬರೂ ಹೊತ್ತು ಹಂಚಿಕೊಂಡು ಬಳಸುತ್ತಿದ್ದಾರೆಂದು ಹೇಳಬಹುದು.

ಈ ಸಹವಾಸದ ಬೆಲೆಯನ್ನು ಹಾಸನ ಜಿಲ್ಲೆಯು ಬಲ್ಲುದು. ಬೆಳೆ ನಾಶವಾಗಿದೆ, ಮನುಷ್ಯರ ಪ್ರಾಣಗಳೂ ಆನೆಗಳ ಪ್ರಾಣಗಳೂ ಹೋಗಿವೆ. ಉಚ್ಚ ನ್ಯಾಯಾಲಯದ ಆದೇಶದಿಂದ ಏರ್ಪಟ್ಟ ಕರ್ನಾಟಕ ಆನೆ ಕಾರ್ಯಪಡೆಯು 2012ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. 2014ರಲ್ಲಿ ಆಲೂರು–ಸಕಲೇಶಪುರ ಸೀಮೆಯಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಆದರೂ ತೆರವಾದ ಸ್ಥಳಕ್ಕೆ ಬೇರೆ ಆನೆಗಳು ಬಂದುವು. ಮೈಸೂರು ದಸರೆಯಲ್ಲಿ 2012ರಿಂದ 2019ರ ವರೆಗೆ ಎಂಟು ಸಲ ಚಿನ್ನದ ಅಂಬಾರಿಯನ್ನು ಹೊತ್ತ ಅರ್ಜುನನು, 2023ರ ಡಿಸೆಂಬರ್ 4ರಂದು ಮಡಿದುದು ಇದೇ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆಯನ್ನು ಹಿಡಿಯುವ ಕಾರ್ಯದ ನಡುವೆ, ಕಾಡಾನೆಯೊಡನೆ ಹೋರಾಡುತ್ತ. ಪಳಗಿದ ಆನೆ, ಅನುಭವಿಗಳಾದ ಮಾವುತರು, ಬಂದೂಕು ಹಿಡಿದ ಇಲಾಖೆಯವರು, ಇವರೆಲ್ಲರೂ ಇದ್ದ ಕಡೆಯಲ್ಲಿಯೇ ಹೀಗಾದ ಮೇಲೆ ಬಟ್ಟೆಯ ಗೋಡೆಯೊಳಗೆ ಮಲಗಿದ ಗೃಹಸ್ಥನ ಪಾಡೇನೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ.

ಇದರಿಂದ ನಾವು ಹೇಳಬಯಸುವುದಿಷ್ಟೆ. ಉದ್ಯಾನವಿದ್ದ ಕಡೆಯಲ್ಲಿ ಬಾಗಿಲಿದೆ, ಕಾವಲಿದೆ, ಕಟ್ಟಳೆಯಿದೆ. ಬೆಳಗೋಡಿನಂತಹ ಕಡೆಯಲ್ಲಿ ಕಾಡುಮೃಗವುಂಟು, ಬಾಗಿಲಿಲ್ಲ. ಆದಕಾರಣ ಉದ್ಯಾನದ ಕಟ್ಟಳೆಗಳನ್ನು ಗೃಹಸ್ಥರು ತಾವೇ ತಮ್ಮ ಮೇಲೆ ವಿಧಿಸಿಕೊಳ್ಳಬೇಕು. ಅವುಗಳಲ್ಲಿ ಮುಖ್ಯವಾದುವನ್ನು ಮುಂದೆ ವಿವರಿಸುತ್ತೇವೆ.

ಸ್ಥಳದ ಆಯ್ಕೆ

ಡೇರೆಯು ಮನೆಯ ಕೂಗಿಗೆ ನಿಲುಕುವಷ್ಟು ದೂರದಲ್ಲಿರಲಿ. ತೋಟದ ಅಂಚು, ಕೆರೆಯ ದಂಡೆ, ಹಳ್ಳದ ಪಕ್ಕ, ಹಲಸಿನ ಮರದ ಬುಡ, ಬಾಳೆಯ ತೋಟ ಇವು ನೋಡಲು ಎಷ್ಟು ರಮ್ಯವಾಗಿದ್ದರೂ ವರ್ಜ್ಯವಾದ ಸ್ಥಳಗಳು. ಏಕೆಂದರೆ ನಮಗೆ ರಮ್ಯವಾದುದೆಲ್ಲವೂ ಆನೆಗೆ ಉಪಯುಕ್ತವಾದುದು. ಮನೆಯ ಮುಂದಿನ ಕಾಫಿ ಒಣಗಿಸುವ ಕಣವೇ ಸರ್ವೋತ್ತಮ. ಅದು ಸಮತಟ್ಟಾಗಿರುತ್ತದೆ, ಸುತ್ತಲೂ ಬಯಲಿರುತ್ತದೆ, ಪಕ್ಕದಲ್ಲಿಯೇ ಗಟ್ಟಿಯಾದ ಕಟ್ಟಡವಿರುತ್ತದೆ. ಆದರೆ ಕೊಯ್ಲಿನ ಕಾಲದಲ್ಲಿ ಕಣದ ತುಂಬ ಕಾಫಿ ಹರಡಿರುವುದರಿಂದ ಆಗ ಮನೆಯ ಅಂಗಳವನ್ನೇ ನೆಚ್ಚಬೇಕು. ಸಿಲ್ವರ್ ಓಕಿನಂತಹ ಮರಗಳ ಒಣಕೊಂಬೆಯು ಗಾಳಿಗೆ ಮುರಿದು ಬೀಳುವುದುಂಟಾದ್ದರಿಂದ ಮೇಲೆ ನೋಡದೆ ಗೂಟ ಹೊಡೆಯಬಾರದು.

ಡೇರೆ ಬಿಚ್ಚುವ ಮುಂಚೆ ಮನೆಯ ಯಜಮಾನರನ್ನಾಗಲಿ ತೋಟದ ಮೇಸ್ತ್ರಿಯನ್ನಾಗಲಿ ಮೂರು ಪ್ರಶ್ನೆಗಳನ್ನು ಕೇಳಬೇಕು: ಈ ವಾರದಲ್ಲಿ ಆನೆಗಳು ಯಾವ ಕಡೆ ಇವೆ? ಅವು ಯಾವ ದಾರಿಯಲ್ಲಿ ಹಾಯುತ್ತವೆ? ಅಕಸ್ಮಾತ್ತಾಗಿ ಬಂದರೆ ನಾವು ಯಾವ ಕಟ್ಟಡಕ್ಕೆ ಓಡಿಹೋಗಬೇಕು? ಇವಕ್ಕೆ ಸ್ಪಷ್ಟವಾದ ಉತ್ತರ ದೊರೆಯದಿದ್ದರೆ ಅಂದು ಒಳಗೆ ಮಲಗುವುದೇ ಲೇಸು. ಕೆಲವು ಆನೆಗಳ ಕೊರಳಿಗೆ ರೇಡಿಯೋ ಪಟ್ಟಿಯನ್ನು ಕಟ್ಟಿ, ಅವುಗಳ ಸಂಚಾರವನ್ನು ಮೊಬೈಲ್ ಸಂದೇಶಗಳ ಮೂಲಕ ಗ್ರಾಮಸ್ಥರಿಗೆ ತಿಳಿಸುವ ಕ್ರಮವು ಈ ಸೀಮೆಯಲ್ಲಿದೆ. ಊರವರು ಆ ಸಂದೇಶವನ್ನು ನೋಡಿ "ಇವೊತ್ತು ಬೇಡ" ಎಂದರೆ, ಬಂದವರು ವಾದಿಸಬಾರದು.

ಅಡಿಗೆ, ಬೆಂಕಿ, ಬೆಳಕು

ಯೊಸೆಮಿಟಿಯ ಉಕ್ಕಿನ ಪೆಟ್ಟಿಗೆಯ ಪಾಠವು ಇಲ್ಲಿಯೂ ಸಲ್ಲುತ್ತದೆ. ಆನೆಯ ಘ್ರಾಣಶಕ್ತಿಯು ಅತಿ ತೀಕ್ಷ್ಣವಾದುದು. ಬಾಳೆಯ ಗೊನೆ, ಹಲಸಿನ ತೊಳೆ, ಬೆಲ್ಲ, ಉಪ್ಪು, ಅಕ್ಕಿ ಇವುಗಳನ್ನು ಡೇರೆಯೊಳಗೆ ಇಟ್ಟುಕೊಂಡು ಮಲಗುವುದೆಂದರೆ ಆನೆಗೆ ಓಲೆ ಕಳುಹಿಸಿದಂತೆ. ಅಡಿಗೆಯು ಮನೆಯ ಒಲೆಯ ಮೇಲೆಯೇ ಆಗಲಿ. ಊಟವು ಹೊತ್ತು ಮುಳುಗುವುದರೊಳಗೆ ಮುಗಿಯಲಿ. ಉಳಿದ ಪದಾರ್ಥಗಳೆಲ್ಲವೂ ಮನೆಯ ಕೋಣೆಗೆ ಸೇರಲಿ. ಎಲೆ, ಸಿಪ್ಪೆ, ಮುಸುರೆಗಳನ್ನು ತೋಟಕ್ಕೆ ಎಸೆಯಬಾರದು. ಪಟ್ಟಣದಿಂದ ತಂದ ಪ್ಲಾಸ್ಟಿಕ್ ಚೀಲಗಳೂ ಸೀಸೆಗಳೂ ತಂದವರ ಕಾರಿನಲ್ಲಿಯೇ ಪಟ್ಟಣಕ್ಕೆ ಹಿಂತಿರುಗಬೇಕು.

ಮಾಗಿಯ ಚಳಿಯಲ್ಲಿ ಕೆಲವರು ಕೆಂಡ ತುಂಬಿದ ಅಗ್ಗಿಷ್ಟಿಕೆಯನ್ನು ಡೇರೆಯೊಳಗೆ ಇರಿಸಿಕೊಂಡು ಮಲಗುತ್ತಾರೆ. ಇದು ಮೃತ್ಯುವಿಗೆ ಹಾಸಿಗೆ ಹಾಸಿಕೊಟ್ಟಂತೆ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ರಿಸುವವನು ನಿದ್ರೆಯಲ್ಲಿಯೇ ಅಳಿಯುತ್ತಾನೆ. ಚಳಿಗೆ ಕಂಬಳಿಯೇ ಮದ್ದು. ಡೇರೆಯ ಗಾಳಿಕಂಡಿಯನ್ನು ಎಂದಿಗೂ ಪೂರ್ತಿಯಾಗಿ ಮುಚ್ಚಬಾರದು; ಮುಚ್ಚಿದರೆ ಉಸಿರಿನ ತೇವವೇ ಒಳಗೋಡೆಯಲ್ಲಿ ಹನಿಗಟ್ಟಿ ಹಾಸಿಗೆಯನ್ನು ನೆನೆಸುತ್ತದೆ.

ಹೊರಗೆ ಬೆಂಕಿ ಹಾಕುವುದಾದರೆ ಒಣಗಿದ ಎಲೆ ಹುಲ್ಲುಗಳಿಲ್ಲದ ಬರಿ ನೆಲದಲ್ಲಿ, ಯಜಮಾನರ ಒಪ್ಪಿಗೆಯಿಂದ, ನೀರಿನ ಕೊಡವನ್ನು ಪಕ್ಕದಲ್ಲಿರಿಸಿಕೊಂಡು, ಸಣ್ಣದಾಗಿ ಹಾಕಬೇಕು. ಮಲಗುವ ಮುಂಚೆ ಬೂದಿಯು ಕೈಗೆ ತಣ್ಣಗಾಗುವ ವರೆಗೆ ನೀರು ಹೊಯ್ಯಬೇಕು. ಫೆಬ್ರವರಿಯಿಂದ ಮುಂದೆ ಒಂದು ಕಿಡಿಯೂ ಗುಡ್ಡವನ್ನೇ ಸುಡಬಲ್ಲುದಾದ್ದರಿಂದ ಆಗ ಬೆಂಕಿಯ ಆಸೆಯನ್ನು ಬಿಡುವುದೇ ಯುಕ್ತ. ಪಟಾಕಿ, ಧ್ವನಿವರ್ಧಕ, ಆಕಾಶಕ್ಕೆ ಬೀರುವ ದೊಡ್ಡ ದೀಪಗಳು ಇವು ಬೇಡವೇ ಬೇಡ.

ಮಳೆ, ಹುಳು, ಹಾವು

ಜೂನಿನಿಂದ ಸೆಪ್ಟೆಂಬರಿನ ವರೆಗೆ ಮಲೆನಾಡಿನಲ್ಲಿ ಡೇರೆಯ ಮಾತನ್ನೇ ಎತ್ತಬಾರದು. ಆ ಕಾಲದಲ್ಲಿ ಸುರಿಯುವ ಮಳೆಗೆ ಹೆಂಚಿನ ಮನೆಯೇ ಸೋರುವಾಗ ಬಟ್ಟೆಯ ಮನೆಯು ಎಷ್ಟರದು? ಇಂಬಳಗಳ ಕಾಟವೂ ಆಗಲೇ ಹೆಚ್ಚು. ನವೆಂಬರಿನಿಂದ ಫೆಬ್ರವರಿಯ ವರೆಗಿನ ಕಾಲವೇ ಪ್ರಶಸ್ತ. ಆದರೆ ಮಂಗನ ಕಾಯಿಲೆಯ ಕಾಲವೂ ಆಗಲೇ ಆರಂಭವಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ಜ್ವರವು ಉಣುಗುಗಳ ಕಚ್ಚುವಿಕೆಯಿಂದ ಹರಡುತ್ತದೆ. ಮಂಗಗಳು ಸತ್ತುಬಿದ್ದ ಸುದ್ದಿಯಿರುವ ಕಡೆಗೆ ಹೋಗದಿರುವುದು, ಒಣ ಎಲೆಯ ಮೇಲೆ ಕುಳಿತುಕೊಳ್ಳದಿರುವುದು, ತುಂಬುತೋಳಿನ ಉಡುಪನ್ನು ಧರಿಸುವುದು, ಹಿಂತಿರುಗಿದ ಕೂಡಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಗಳನ್ನು ಒಗೆಯುವುದು, ಇವು ಆತ್ಮರಕ್ಷಣೆಯ ಉಪಾಯಗಳು. ವಾರದೊಳಗೆ ಜ್ವರ ಬಂದರೆ ತಾವು ಎಲ್ಲಿ ಮಲಗಿದ್ದೆವೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಹಾವಿನ ವಿಷಯದಲ್ಲಿ ಭಯಕ್ಕಿಂತ ಎಚ್ಚರವೇ ಮೇಲು. ಡೇರೆಯ ಬಾಗಿಲಿನ ಸರಿಗೆಯನ್ನು ಯಾವಾಗಲೂ ಎಳೆದಿರಬೇಕು. ಪಾದರಕ್ಷೆಗಳನ್ನು ಒದರಿ ನೋಡಿ ಮೆಟ್ಟಬೇಕು. ರಾತ್ರಿ ಹೊರಗೆ ಕಾಲಿಡುವಾಗ ಕೈದೀಪವು ನೆಲದ ಮೇಲಿರಬೇಕು. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಇವಾವುದನ್ನೂ ಮಾಡದೆ, ಕಚ್ಚಿಸಿಕೊಂಡವರನ್ನು ಅಲುಗಿಸದೆ, ವಿಷಹಾರಿ ಔಷಧವಿರುವ ಆಸ್ಪತ್ರೆಗೆ ಸಾಗಿಸುವುದೊಂದೇ ದಾರಿ. ಸಕಲೇಶಪುರದಲ್ಲಿ ಸರ್ಕಾರದ ಕ್ರಾಫರ್ಡ್ ಆಸ್ಪತ್ರೆಯಿದೆ; 108 ಸಂಖ್ಯೆಗೆ ಕರೆದರೆ ಆಂಬುಲೆನ್ಸ್ ಬರುತ್ತದೆ.

ಆನೆ ಎದುರಾದರೆ

ಎಷ್ಟು ಎಚ್ಚರವಿದ್ದರೂ ಒಂದು ರಾತ್ರಿ ಕೊಂಬೆ ಮುರಿಯುವ ಸದ್ದು ಕೇಳಬಹುದು. ಆಗ ದೀಪವನ್ನು ಮರಗಳ ಕಡೆಗೆ ಬೀರಿ ನೋಡುವುದಾಗಲಿ, ಚಿತ್ರ ತೆಗೆಯಲು ಹೊರಡುವುದಾಗಲಿ, ಕೂಗಾಡುವುದಾಗಲಿ ಸಲ್ಲದು. ಸಾಮಾನುಗಳೆಲ್ಲವನ್ನೂ ಅಲ್ಲಿಯೇ ಬಿಟ್ಟು, ಮಕ್ಕಳ ಕೈ ಹಿಡಿದು, ಮೆಲ್ಲನೆ, ಮೊದಲೇ ಗೊತ್ತುಮಾಡಿಕೊಂಡ ಕಟ್ಟಡವನ್ನು ಸೇರಬೇಕು. ಮರಿಯಿರುವ ಹಿಂಡೂ ಮದವೇರಿದ ಗಂಡಾನೆಯೂ ಅತಿ ಅಪಾಯಕರ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಸುದ್ದಿ ಮುಟ್ಟಿಸುವುದು ಯಜಮಾನರ ಕೆಲಸ. ಆನೆಯು ಡೇರೆಯನ್ನು ತುಳಿದರೆ ತುಳಿಯಲಿ; ಡೇರೆಯು ಪೇಟೆಯಲ್ಲಿ ಮತ್ತೆ ಸಿಗುತ್ತದೆ.

ಆತಿಥೇಯರ ಕರ್ತವ್ಯ

ಕಡೆಯದಾಗಿ, ಬಹುಜನರು ಯೋಚಿಸದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಡೇರೆಯವರ ಗದ್ದಲದಿಂದಲೂ ಬೆಳಕಿನಿಂದಲೂ ಕದಲಿದ ಆನೆಯು ತನ್ನ ರೂಢಿಯ ದಾರಿಯನ್ನು ಬಿಟ್ಟು ಬೇರೆ ತೋಟಕ್ಕೆ ನುಗ್ಗಬಹುದು. ಬೆಳಗಾಗುವ ಹೊತ್ತಿಗೆ ಅದು ಎಲ್ಲಿ ನಿಂತಿರುತ್ತದೆಂಬುದು ಯಾರಿಗೂ ತಿಳಿಯದು. ಡೇರೆಯವರು ಎಂಟು ಗಂಟೆಗೆ ಎದ್ದು ಕಾಫಿ ಕುಡಿಯುತ್ತಾರೆ. ಆದರೆ ಲೈನ್ ಮನೆಗಳ ಹೆಣ್ಣಾಳು ಗಂಡಾಳುಗಳು ಮಂಜು ಕರಗುವ ಮುಂಚೆಯೇ ಕಾಫಿ ಕೊಯ್ಯಲು ಆ ದಾರಿಯಲ್ಲಿ ನಡೆಯಬೇಕು. ಶಾಲೆಯ ಮಕ್ಕಳು ಬಸ್ಸಿಗೆ ಹೋಗಬೇಕು. ಡೇರೆಯ ಕಾಲವೂ ಕಾಫಿ ಕೊಯ್ಲಿನ ಕಾಲವೂ ಒಂದೇ ಆಗಿರುವುದನ್ನು ವಾಚಕರು ಗಮನಿಸಬೇಕು. ಒಬ್ಬರ ಒಂದು ರಾತ್ರಿಯ ಸಂತೋಷಕ್ಕೆ ಇನ್ನೊಬ್ಬರು ಬೆಳಿಗ್ಗೆ ಪ್ರಾಣದ ಬೆಲೆ ತೆರುವಂತಾದರೆ ಅದಕ್ಕಿಂತ ಅನ್ಯಾಯವೇನಿದೆ? ಹೀಗಿರುವುದರಿಂದ ತೋಟದ ಯಜಮಾನರು ನೆಂಟರಿಗಾಗಲಿ ಹಣ ಕೊಟ್ಟು ತಂಗುವವರಿಗಾಗಲಿ ಸಂಕೋಚವಿಲ್ಲದೆ ನಿಯಮಗಳನ್ನು ಹೇಳಬೇಕು. ಅತಿಥಿಯ ಮನಸ್ಸು ನೋಯುವುದೆಂದು ಸುಮ್ಮನಿರುವುದು ಆತಿಥ್ಯವಲ್ಲ.

ಹೀಗೆಂದು ಮಕ್ಕಳಿಗೆ ಡೇರೆಯ ಸುಖವನ್ನೇ ತಪ್ಪಿಸಬೇಕೆಂದು ನಮ್ಮ ಅಭಿಪ್ರಾಯವಲ್ಲ. ಹಗಲೆಲ್ಲ ಬಿಸಲೆಯ ಅಂಚಿನಿಂದ ಬೆಟ್ಟಗಳ ಸಾಲನ್ನಾಗಲಿ, 1792ರಲ್ಲಿ ಟೀಪೂ ಸುಲ್ತಾನನು ಕಟ್ಟಿಸಿದ ಮಂಜರಾಬಾದಿನ ನಕ್ಷತ್ರಾಕಾರದ ಕೋಟೆಯನ್ನಾಗಲಿ ತೋರಿಸಿ, ಸಂಜೆ ಮನೆಗೆ ಹಿಂತಿರುಗಿ ಅಂಗಳದಲ್ಲಿ ಡೇರೆ ಹಾಕಿಕೊಡಬಹುದು. ಗೂಟವನ್ನು ಓರೆಯಾಗಿ ಹೊಡೆಯುವುದು, ಹಗ್ಗಕ್ಕೆ ಬಿಚ್ಚಲು ಬರುವ ಗಂಟು ಹಾಕುವುದು, ತಮ್ಮ ಹಾಸಿಗೆಯನ್ನು ತಾವೇ ಮಡಚುವುದು ಇವನ್ನೆಲ್ಲ ಮಕ್ಕಳು ಅಲ್ಲಿಯೇ ಕಲಿಯುತ್ತಾರೆ. ದೀಪವನ್ನು ಆರಿಸಿದ ಮೇಲೆ ದೂರದ ತೋಟದಿಂದ ಬರುವ ಸದ್ದುಗಳನ್ನು ಕೇಳುತ್ತ, ಆ ಕತ್ತಲೆಯಲ್ಲಿ ನಡೆಯುವವರು ಬೇರೆಯವರಿದ್ದಾರೆ, ಅವರ ದಾರಿಗೆ ನಾವು ಅಡ್ಡ ಹೋಗಬಾರದು ಎಂಬುದನ್ನೂ ತಂದೆತಾಯಿಗಳು ಆಗಲೇ ಹೇಳಿಕೊಡಲಿ. ಮುಂದೆ ಅವರು ಯಾವ ದೇಶದ ಯಾವ ಉದ್ಯಾನಕ್ಕೆ ಹೋದರೂ ಈ ಪಾಠವು ಉಪಯೋಗಕ್ಕೆ ಬರುವುದರಲ್ಲಿ ಸಂದೇಹವಿಲ್ಲ.